ಮಾಳಮಡ್ಡಿಯ ಮನೆಗೆ ಎಷ್ಟು ಹೇಳೋಣ?

ಹೋದ ವರ್ಷ ಶ್ರಾವಣದ ಒಂದು ಸಂಜೆ. ಠಾಣೆಯಲ್ಲಿ ಡೊಂಬಿವಲಿ ಗಾಡಿ ಹತ್ತಿ, ಬಾಗಿಲ ಪಕ್ಕ ನಿಲ್ಲಲು ಒಂದಿಷ್ಟು ಜಾಗ ಮಾಡಿಕೊಂಡಿದ್ದೆ. ಗದಗಿನಿಂದ ಅಕ್ಕನ ಫೋನು ಬಂತು. ಅವ್ವ ತೀರಿಕೊಂಡು ಆಗ ಐದು ತಿಂಗಳು. ಮಳೆ, ಮೊಮ್ಮಗಳ ಶಾಲೆ, ಮಂಡಿನೋವು ಎಲ್ಲ ಮುಗಿದ ಮೇಲೆ ಅಕ್ಕ ಮೆಲ್ಲಗೆ ಕೇಳಿದಳು: “ಅಲ್ಲೋ, ಮಾಳಮಡ್ಡಿ ಮನಿಗೆ ಈಗ ಎಷ್ಟ ಬರಬಹುದೋ?”

“ಗೊತ್ತಿಲ್ಲ ಅಕ್ಕಾ” ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮೂವತ್ತು ವರ್ಷ ಮುಂಬಯಿಯಲ್ಲಿ ಲೆಕ್ಕಪತ್ರ ಬರೆದವನು ನಾನು. ಊರಿನವರ ಕಣ್ಣಿಗೆ ದುಡ್ಡಿನ ವಿಷಯ ತಿಳಿದವನು. ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು. ಗಾಡಿ ದಿವಾ ದಾಟುವಷ್ಟರಲ್ಲಿ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನಮ್ಮ ಸೊಸೈಟಿಯಲ್ಲಿ ಆಗಷ್ಟೇ ಒಂದು ಫ್ಲ್ಯಾಟು ಚದರಡಿಗೆ 9,000 ರೂಪಾಯಿಯಂತೆ ಮಾರಾಟವಾಗಿತ್ತು. ಧಾರವಾಡದಲ್ಲಿ ಅಷ್ಟಿರಲಾರದು, ಮೂರರಲ್ಲೊಂದು ಪಾಲು ತೆಗೆದುಬಿಡೋಣ, 6,000. ನಮ್ಮ ಜಾಗ ಮೂರು ಗುಂಟೆ. ಗುಂಟೆಗೆ 1,089 ಚದರಡಿಯಂತೆ 3,267. ಗುಣಿಸಿದರೆ 1 ಕೋಟಿ 96 ಲಕ್ಷ ಚಿಲ್ಲರೆ.

“ಹತ್ರ ಹತ್ರ ಎರಡು ಕೋಟಿ ಅಕ್ಕಾ” ಎಂದೆ.

ಆ ಕಡೆ ಒಂದು ಗಳಿಗೆ ಮಾತೇ ಇಲ್ಲ. ಆಮೇಲೆ “ಎರಡು ಕೋಟಿ!” ಎಂದಳು. ಅಷ್ಟರಲ್ಲಿ ಡೊಂಬಿವಲಿ ಬಂತು. ಜನರ ನೂಕಿನಲ್ಲಿ ನಾನು ಇಳಿದೆನೋ, ಅವರೇ ಇಳಿಸಿದರೋ! ಫೋನು ಜೇಬಿಗೆ ಹೋಯಿತು. ನಾನು ಮರೆತೂಬಿಟ್ಟೆ. ಅಕ್ಕ ಮರೆಯಲಿಲ್ಲ.

ಹದಿನೈದು ದಿನಕ್ಕೆ ತಮ್ಮ ಫೋನು ಮಾಡಿದ. ಆ ಮನೆಯಲ್ಲೇ ಇರುವವನು ಅವನು. ಅವ್ವನ ಕೊನೆಯ ಹನ್ನೊಂದು ವರ್ಷ ಅವಳ ಮಾತ್ರೆ, ಆಸ್ಪತ್ರೆ, ರಾತ್ರಿಯ ನಿದ್ದೆಗೇಡು ಎಲ್ಲವನ್ನೂ ಅವನೂ ಅವನ ಹೆಂಡತಿಯೂ ಹೊತ್ತವರು. ನಾನು ವರ್ಷಕ್ಕೆರಡು ಸಲ ಹೋಗಿ, ಫೇಡೆ ತಿಂದು, ಅವ್ವನ ಕಾಲು ಮುಟ್ಟಿ ಬರುತ್ತಿದ್ದವನು.

“ಅಣ್ಣಾ, ಮನಿ ನಾನs ಇಟಗೋತೀನಿ. ಅರವತ್ತು ಲಕ್ಷ ಅಂತ ಹಿಡದೀನಿ. ನಿನಗ ಇಪ್ಪತ್ತು, ಅಕ್ಕಗ ಇಪ್ಪತ್ತು. ಬ್ಯಾಂಕಿನ್ಯಾಗ ಸಾಲಾ ಕೇಳೀನಿ.”

ಅವನು ಅದೇ ಮಾತನ್ನು ಅಕ್ಕನಿಗೂ ಹೇಳಿದ್ದ. ಅವ್ವ ಹೋದ ಹೊಸದರಲ್ಲಿ “ನನಗೇನು ಬ್ಯಾಡೋ, ಅರಿಶಿನ ಕುಂಕುಮಕ್ಕಂತ ಏನರೆ ಕೊಡ್ರಿ, ಸಹಿ ಮಾಡ್ತೀನಿ” ಎಂದಿದ್ದ ಅಕ್ಕ, ಈಗ “ಎರಡು ಕೋಟಿ ಮನಿಗೆ ಇಪ್ಪತ್ತು ಲಕ್ಷಾನ?” ಎಂದು ಕೇಳಿ ಫೋನಿಟ್ಟಳು. ಪ್ರತಿವರ್ಷ ದೀಪಾವಳಿಯ ಸೋದರ ಬಿದಿಗೆಗೆ ಗದಗಿಗೆ ಹೋಗಿ ಆರತಿ ಮಾಡಿಸಿಕೊಂಡು ಬರುತ್ತಿದ್ದ ತಮ್ಮ ಈ ಸಲ ಹೋಗಲಿಲ್ಲ. ಇಬ್ಬರೂ ನನಗೆ ಬೇರೆ ಬೇರೆ ಫೋನು ಮಾಡಿ ಒಬ್ಬರ ಮೇಲೊಬ್ಬರು ದೂರು ಹೇಳತೊಡಗಿದರು.

ನನ್ನ ಚಡಪಡಿಕೆ ನೋಡಿ ಮಗ ತನ್ನ ಕಪಾಟಿನಿಂದ ಒಂದು ಪುಸ್ತಕ ತೆಗೆದುಕೊಟ್ಟ. ಡೇನಿಯಲ್ ಕಾನೆಮನ್ ಬರೆದ, 2011ರಲ್ಲಿ ಬಂದ ‘ಥಿಂಕಿಂಗ್, ಫಾಸ್ಟ್ ಅಂಡ್ ಸ್ಲೋ’. ಮನಃಶಾಸ್ತ್ರಜ್ಞರಾಗಿದ್ದೂ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು ಅವರು. “ನೀವು ಮಾಡಿದ್ದಕ್ಕೆ ಇದರಲ್ಲಿ ಒಂದು ಹೆಸರಿದೆ ಅಪ್ಪಾ” ಎಂದ ಮಗ. ಹೆಸರು ಆಂಕರಿಂಗ್, ಲಂಗರು ಹಾಕುವುದು.

ಕಾನೆಮನ್ ಮತ್ತು ಅವರ ಗೆಳೆಯ ಏಮೋಸ್ ಟ್ವರ್ಸ್ಕಿ ಮಾಡಿದ ಒಂದು ಪ್ರಯೋಗದಿಂದ ಆ ಅಧ್ಯಾಯ ಶುರುವಾಗುತ್ತದೆ. ಜಾತ್ರೆಯಲ್ಲಿ ತಿರುಗಿಸುತ್ತಾರಲ್ಲ, ಅಂಥದೊಂದು ಅದೃಷ್ಟದ ಚಕ್ರ. ಮೇಲೆ 0ಯಿಂದ 100ರವರೆಗೆ ಅಂಕಿಗಳು. ಆದರೆ ಅದು 10 ಅಥವಾ 65ರಲ್ಲಿ ಮಾತ್ರ ನಿಲ್ಲುವಂತೆ ಒಳಗೊಳಗೇ ಏರ್ಪಾಡು. ಚಕ್ರ ನಿಂತ ಮೇಲೆ ವಿದ್ಯಾರ್ಥಿಗಳಿಗೆ ಕೇಳಿದ್ದು ಇಷ್ಟೆ: ವಿಶ್ವಸಂಸ್ಥೆಯ ಸದಸ್ಯ ದೇಶಗಳಲ್ಲಿ ಆಫ್ರಿಕದವು ಶೇಕಡ ಇಷ್ಟಕ್ಕಿಂತ ಹೆಚ್ಚೋ ಕಡಿಮೆಯೋ? ನಿಮ್ಮ ಅಂದಾಜು ಎಷ್ಟು? ಚಕ್ರಕ್ಕೂ ಆಫ್ರಿಕಕ್ಕೂ ಏನೂ ಸಂಬಂಧವಿಲ್ಲ, ಅದು ಎಲ್ಲರಿಗೂ ಗೊತ್ತು. ಆದರೂ 10 ನೋಡಿದವರ ಅಂದಾಜು ಶೇಕಡ 25ರ ಆಸುಪಾಸು, 65 ನೋಡಿದವರದು 45ರ ಆಸುಪಾಸು. 1974ರಲ್ಲಿ ಇಬ್ಬರೂ ಸೇರಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಇದು ಬಂತು.

ಲಂಗರು ಸಮುದ್ರದ ಮಾತು. ನಮ್ಮ ಕಡೆಯವರಿಗೆ ಗೂಟವೇ ಸರಿ. ದನವನ್ನು ಗೂಟಕ್ಕೆ ಕಟ್ಟಿ ಬಿಟ್ಟರೆ ಹಗ್ಗ ಬಿಟ್ಟಷ್ಟು ದೂರ ಮೇಯುತ್ತದೆ. ತಾನೇ ತಿರುಗುತ್ತಿದ್ದೇನೆಂದು ಅದಕ್ಕೆ ಅನಿಸಬಹುದು. ಆದರೆ ಹುಲ್ಲು ಬೋಳಾಗುವುದು ಗೂಟದ ಸುತ್ತಲೇ. ನನ್ನ ಗೂಟ ಡೊಂಬಿವಲಿಯ 9,000 ರೂಪಾಯಿ. ಅಲ್ಲಿಂದ ಒಂದಿಷ್ಟು ಸರಿದು 6,000ಕ್ಕೆ ನಿಂತೆ. ಹಗ್ಗ ಅಷ್ಟೇ ಇತ್ತು. ಅದರ ಮೇಲೆ, ಕಟ್ಟಿದ ಫ್ಲ್ಯಾಟಿನ ಒಳಗಿನ ಚದರಡಿಗೂ ಬಯಲು ಜಾಗದ ಚದರಡಿಗೂ ತಾಳೆ ಹಾಕಿದ್ದೆ. ಮೂವತ್ತು ವರ್ಷದ ಲೆಕ್ಕಿಗನ ಕಣ್ಣಿಗೆ ಅದೂ ಬಿದ್ದಿರಲಿಲ್ಲ.

ಫೆಬ್ರುವರಿಯ ಕೊನೆಗೆ ಅವ್ವನ ವರ್ಷಾಂತಿಕ. ಅಕ್ಕನೂ ಬರುವವಳಿದ್ದಳು. ಮೂವರೂ ಒಂದೇ ಸೂರಿನ ಕೆಳಗೆ ಕೂಡುವುದು ಇನ್ನು ಯಾವಾಗಲೋ ಎಂದು ಒಂದು ವಾರ ರಜೆ ಹಾಕಿ ದಾದರಿನಿಂದ ಶರಾವತಿ ಎಕ್ಸ್‌ಪ್ರೆಸ್ ಹಿಡಿದೆ.

ಆ ಗಾಡಿಯ ಬಗ್ಗೆ ನಿಮ್ಮಲ್ಲಿ ಹಲವರಿಗೆ ನಾನು ಹೇಳಬೇಕಾಗಿಲ್ಲ. ರಾತ್ರಿ ಘಟ್ಟ ಹತ್ತುವಾಗ ಹಿಂದಿ, ಮರಾಠಿ. ಬೆಳಿಗ್ಗೆ ಮಿರಜಿನಲ್ಲಿ ಚಹಾ ಕುಡಿಯುವ ಹೊತ್ತಿಗೆ ಅರ್ಧ ಡಬ್ಬಿ ಕನ್ನಡ. ಉಗಾರ ದಾಟಿ, ಕೃಷ್ಣಾ ನದಿಯ ಸೇತುವೆಯ ಮೇಲೆ ಗಾಡಿ ಗಡಗಡ ಎಂದು ಹೋದ ಮೇಲೆ ಎರಡೂ ಕಡೆ ಕಬ್ಬು. ಕುಡಚಿ, ರಾಯಬಾಗ, ಘಟಪ್ರಭಾ. ನಿಲ್ದಾಣಗಳ ಫಲಕದಲ್ಲಿ ನಮ್ಮ ಅಕ್ಷರ ಮೇಲಕ್ಕೆ ಬಂದದ್ದು ಕಂಡರೆ ಇಷ್ಟು ವರ್ಷಗಳ ನಂತರವೂ ಎದೆಯಲ್ಲಿ ಏನೋ ಸಡಿಲವಾಗುತ್ತದೆ.

ಗೋಕಾಕ ರೋಡ್ ನಿಲ್ದಾಣ ಹತ್ತಿರ ಬಂದಾಗ, ಓದಿದ್ದನ್ನು ಒಮ್ಮೆ ಪರೀಕ್ಷಿಸಿಯೇ ನೋಡೋಣ ಎನಿಸಿತು. ಎದುರಿಗೆ ಪುಣೆಯಲ್ಲಿ ಕೆಲಸ ಮಾಡುವ ಬೆಳಗಾವಿಯ ಹುಡುಗನೊಬ್ಬ ಕೂತಿದ್ದ. “ಗೋಕಾಕ ಫಾಲ್ಸು 50 ಅಡಿಗಿಂತ ಎತ್ತರವೋ ಕಡಿಮೆಯೋ?” ಎಂದು ಕೇಳಿದೆ. “ಜಾಸ್ತೀನ ಇರತದ್ರಿ.” “ಹಾಗಾದರೆ ಎಷ್ಟಿರಬಹುದು?” ಯೋಚಿಸಿ, “ತೊಂಬತ್ತು” ಎಂದ. ಅವನು ಮುಖ ತೊಳೆಯಲು ಎದ್ದು ಹೋದಾಗ, ಕಿಟಕಿಯ ಪಕ್ಕದಲ್ಲಿದ್ದ ಹುಬ್ಬಳ್ಳಿಯ ಹೆಣ್ಣುಮಗಳಿಗೆ ಅದೇ ಪ್ರಶ್ನೆ ಕೇಳಿದೆ, ಆದರೆ 50ರ ಬದಲು 500 ಅಡಿ ಎಂದೆ. “ಅಯ್ಯ, ಅಷ್ಟೆಲ್ಲಿಂದ ಬರಬೇಕ್ರಿ” ಎಂದು ನಕ್ಕು, “ಒಂದು ಮುನ್ನೂರು ಇದ್ದೀತು” ಎಂದರು. ಇಬ್ಬರೂ ಶಾಲೆಯ ಪ್ರವಾಸದಲ್ಲಿ ಆ ಫಾಲ್ಸು ಕಂಡವರೇ. ನಿಜವಾದ ಎತ್ತರ 52 ಮೀಟರು, ಅಂದರೆ ಸುಮಾರು 170 ಅಡಿ.

ಹುಡುಗ ಬಂದ ಮೇಲೆ ಗುಟ್ಟು ಬಿಟ್ಟುಕೊಟ್ಟೆ. ಅವನು ಒಪ್ಪಲೇ ಇಲ್ಲ. “ನೀವು ಐವತ್ತು ಅಂದದ್ದು ನನ್ನ ತಲ್ಯಾಗs ಇರಲಿಲ್ಲ ಅಂಕಲ್, ನಾ ನೋಡಿದ್ದನ್ನ ನೆನಸಿ ಹೇಳಿದೆ” ಎಂದ. ಇಬ್ಬರನ್ನು ಕೇಳಿದ್ದು ಪ್ರಯೋಗವೆನಿಸುವುದಿಲ್ಲ, ಬಿಡಿ. ಆದರೆ ಅವನ ಮಾತು ನನಗೆ ನಾಟಿತು. ಕಟ್ಟಿದ ಹಗ್ಗ ಕಟ್ಟಿಸಿಕೊಂಡವರಿಗೆ ಕಾಣುವುದಿಲ್ಲ.

ಲೋಂಡಾ ಕಾಡು, ಅಳ್ನಾವರ, ಮತ್ತೆ ಬಯಲು, ಮಧ್ಯಾಹ್ನ ಧಾರವಾಡ. ನಿಲ್ದಾಣದಿಂದ ಮಾಳಮಡ್ಡಿಗೆ ನಡೆದೇ ಹೋಗಬಹುದು. ಚಿಕ್ಕಂದಿನಲ್ಲಿ ಗಾಡಿಯ ಸೀಟಿ ಕೇಳಿ ನಾವು ಹೊತ್ತು ಹೇಳುತ್ತಿದ್ದೆವು. ಈಗಲೂ ಕೆಲವು ಹಂಚಿನ ಮನೆಗಳು ಉಳಿದಿವೆ: ಮುಂದೆ ಕಟ್ಟೆ, ಒಳಗೆ ಪಡಸಾಲೆ, ಹಿತ್ತಲಲ್ಲಿ ಒಂದು ಮಾವಿನ ಗಿಡ. ಮಾವು ಹೂ ಬಿಟ್ಟು ಓಣಿಯೆಲ್ಲ ವಾಸನೆ. ಎರಡು ಹಳೆ ಮನೆಗಳ ನಡುವೆ ಹೊಸದಾಗಿ ಎದ್ದ ಮೂರಂತಸ್ತಿನ ಅಪಾರ್ಟ್‌ಮೆಂಟು. ನಮ್ಮ ಬಾಲ್ಯದ ನಿವೃತ್ತರ ಊರು ಈಗ ಹಾಗಿಲ್ಲ. 2008ರಲ್ಲಿ ಇಲ್ಲಿಗೆ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. 2016ರಲ್ಲಿ ಐಐಟಿ ಬಂತು. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಚಿಗರಿ ಬಸ್ಸುಗಳು ತಮ್ಮದೇ ದಾರಿಯಲ್ಲಿ ಓಡುತ್ತವೆ.

ತಮ್ಮ ಕಟ್ಟೆಯ ಮೇಲೆ ಕೂತಿದ್ದ. “ಬಾ ಅಣ್ಣಾ” ಎಂದು ಚೀಲ ತೆಗೆದುಕೊಂಡ. ಅಕ್ಕ ಹಿಂದಿನ ದಿನವೇ ಬಂದು ಅಡುಗೆಮನೆ ಸೇರಿದ್ದಳು. ಇಬ್ಬರೂ ನನ್ನ ಜೊತೆ ಚೆನ್ನಾಗಿ ಮಾತಾಡುತ್ತಿದ್ದರು. ಅವರವರಲ್ಲಿ ಮಾತ್ರ “ಉಪ್ಪು ಎಲ್ಲದ?” “ಅಲ್ಲೇ ಅದ ನೋಡು” ಅಷ್ಟೆ.

ಶ್ರಾದ್ಧ ಮುಗಿದ ರಾತ್ರಿ ತಮ್ಮನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಕೇಳಿದೆ: “ಅರವತ್ತು ಲಕ್ಷ ಅಂತ ಹೆಂಗ ಹಿಡದಿ?”

“ಅಪ್ಪ ಇದ್ದಾಗ, 2008ರಾಗ, ಒಬ್ಬಾಂವ ಇದೇ ಕಟ್ಟಿ ಮ್ಯಾಲ ಕೂತು ಇಪ್ಪತ್ತೈದು ಲಕ್ಷಕ್ಕ ಕೇಳಿದ್ದ. ಅಪ್ಪ ಒಲ್ಲೆ ಅಂದಾ. ನಾನು ಅದನ್ನ ಡಬಲ್ ಮಾಡಿ ಮ್ಯಾಲ ಇನ್ನೂ ಹತ್ತು ಸೇರಸೀನಿ, ಅಣ್ಣಾ. ನನ್ನ ಮನಸಿನ್ಯಾಗ ಮೋಸ ಇದ್ದರ ಡಬಲ್ ಯಾಕ ಮಾಡ್ತಿದ್ದೆ?”

ಅವನ ದನಿ ನಡುಗಿತು. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನ ಗೂಟ ಅಪ್ಪನ ಕಾಲದ 25 ಲಕ್ಷ. ಅಲ್ಲಿಂದ 60ರವರೆಗೆ ಬಂದದ್ದು ಅವನಿಗೆ ಬಹಳ ದೂರ ನಡೆದಂತೆ, ಉದಾರತನದಂತೆ ಕಂಡಿತ್ತು. ನನ್ನ 2 ಕೋಟಿ ಕೇಳಿದಾಗ ಅವನಿಗೆ ಅನಿಸಿದ್ದೇನು? “ಮುಂಬೈಯಾಗ ಕೂತು ಅಣ್ಣ ನನ್ನ ಮನಿ ಬಿಡಸಾಕ ನಿಂತಾನ ಅಂತ ತಿಳಕೊಂಡೆ” ಎಂದ. ಅಕ್ಕನಿಗೆ ಅವನ 60 ಮೋಸವಾಗಿ ಕಂಡಿತು, ಅವನಿಗೆ ನಮ್ಮ 2 ಕೋಟಿ ದುರಾಸೆಯಾಗಿ ಕಂಡಿತು. ಹನ್ನೊಂದು ವರ್ಷ ಅವ್ವನ ಸೇವೆ ಮಾಡಿದವನು ಕಳ್ಳನೆನಿಸಿಕೊಂಡ. ಇಷ್ಟಕ್ಕೂ ಕಾರಣ, ಯಾರೂ ಸರಿಯಾಗಿ ವಿಚಾರಿಸದ ಎರಡು ಅಂಕಿಗಳು.

ಮರುದಿನ ಬೆಳಿಗ್ಗೆ ಅಕ್ಕನ ಜೊತೆ ಕಾಯಿಪಲ್ಲೆ ತರಲು ಮಾರ್ಕೆಟ್ಟಿಗೆ ಹೋದೆ. ಮೆಂತ್ಯದ ಸೂಡಿಗಳ ಮುಂದೆ ಕೂತ ಮುದುಕಿಯನ್ನು ಬೆಲೆ ಕೇಳಲು ಹೋದವನ ತೋಳು ಹಿಡಿದು ಅಕ್ಕ ನಿಲ್ಲಿಸಿದಳು. “ಈಗs ಕೇಳಬ್ಯಾಡ. ಅವ್ವ ಹೆಂಗ ಮಾಡ್ತಿದ್ದಳು, ಮರತೇನು?”

ಮರೆತೇ ಹೋಗಿತ್ತು. ಸಂತೆಗೆ ಹೋಗುವಾಗ ಅವ್ವ ಮೊದಲು ಮಾರುವವರನ್ನು ಕೇಳುತ್ತಲೇ ಇರಲಿಲ್ಲ. ಚೀಲ ತುಂಬಿಕೊಂಡು ಎದುರಿಗೆ ಬರುವ ಹೆಂಗಸರನ್ನು ನಿಲ್ಲಿಸಿ, “ಬದನಿಕಾಯಿ ಹೆಂಗ ತೊಗೊಂಡ್ರಿ?” ಎಂದು ಕೇಳುತ್ತಿದ್ದಳು. ಒಬ್ಬರಲ್ಲ, ಮೂವರನ್ನು. ಆಮೇಲೆಯೇ ಅಂಗಡಿಯ ಮುಂದೆ ಕೂರುತ್ತಿದ್ದಳು. ಮಾರುವವನು ಎಷ್ಟೇ ಹೇಳಲಿ, ಅವಳ ತಲೆಯಲ್ಲಿ ಆಗಲೇ ಬೇರೊಂದು ಅಂಕಿ ಕೂತಿರುತ್ತಿತ್ತು. ಅದು ಯಾರೋ ಬಾಯಿಗೆ ಬಂದಂತೆ ಹೇಳಿದ್ದಲ್ಲ, ಕೊಟ್ಟು ಬಂದದ್ದು. ಚೌಕಾಶಿಯಲ್ಲಿ ಅವಳನ್ನು ಸೋಲಿಸಿದವರನ್ನು ನಾನು ಕಂಡಿಲ್ಲ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು.

ಈ ವ್ಯಾಪಾರದಲ್ಲಿ ನುರಿತವರು ನಮ್ಮ ಹಾಗೆ ಮೋಸಹೋಗಲಾರರು ಎಂದು ನೀವು ಕೇಳಬಹುದು. ಗ್ರೆಗರಿ ನಾರ್ತ್‌ಕ್ರಾಫ್ಟ್ ಮತ್ತು ಮಾರ್ಗರೆಟ್ ನೀಲ್ ಎಂಬ ಸಂಶೋಧಕರು ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ಊರಿನಲ್ಲಿ ಇದನ್ನೇ ಪರೀಕ್ಷಿಸಿ 1987ರಲ್ಲಿ ಪ್ರಕಟಿಸಿದರು. ಮಾರಾಟಕ್ಕಿದ್ದ ನಿಜವಾದ ಮನೆಗೆ ಮನೆ ಮಾರುವ ಏಜೆಂಟರನ್ನು ಕರೆದೊಯ್ದರು. ಎಲ್ಲರಿಗೂ ಅದೇ ಮನೆ, ಅದೇ ವಿವರದ ಕಡತ. ಕಡತದಲ್ಲಿ ಮಾಲೀಕ ಕೇಳುವ ಬೆಲೆ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಕೇಳಿದ ಬೆಲೆ ಹೆಚ್ಚಿದ್ದವರು ಮನೆಗೆ ಹೆಚ್ಚು ಬೆಲೆ ಕಟ್ಟಿದರು, ಕಡಿಮೆ ಇದ್ದವರು ಕಡಿಮೆ ಕಟ್ಟಿದರು. ಕಾನೆಮನ್ ಲೆಕ್ಕದ ಪ್ರಕಾರ, ಕೇಳುವ ಬೆಲೆಯಲ್ಲಿ ನೂರರಷ್ಟು ಅಂತರವಿದ್ದರೆ ಏಜೆಂಟರ ಅಂದಾಜಿನಲ್ಲಿ 41ರಷ್ಟು ಅಂತರ ಬರುತ್ತಿತ್ತು. ಮನೆ ವ್ಯವಹಾರವೇ ಗೊತ್ತಿಲ್ಲದ ವಿದ್ಯಾರ್ಥಿಗಳಲ್ಲಿ ಅದು 48. ಅನುಭವದಿಂದ ಬಂದ ಲಾಭ ಅಷ್ಟೇ. ವಿದ್ಯಾರ್ಥಿಗಳು ಆ ಬೆಲೆಯನ್ನೂ ಗಮನಿಸಿದೆವು ಎಂದು ಒಪ್ಪಿಕೊಂಡರು. ಏಜೆಂಟರು ಮಾತ್ರ ತಾವು ಅದನ್ನು ಲೆಕ್ಕಕ್ಕೇ ಹಿಡಿದಿಲ್ಲ ಎಂದರು.

ಮಾರ್ಕೆಟ್ಟಿನಿಂದ ಬರುವಾಗ ಅಕ್ಕನಿಗೆ ಹೇಳಿದೆ: “ಅಕ್ಕಾ, ಆ ಎರಡು ಕೋಟಿ ನಾ ರೈಲಿನ್ಯಾಗ ನಿಂತು ಬಾಯಿಗೆ ಬಂದಂಗ ಹೇಳಿದ್ದು. ತಪ್ಪು ನಂದು.”

ಅವಳು ಸ್ವಲ್ಪ ದೂರ ಸುಮ್ಮನೆ ನಡೆದಳು. “ತಪ್ಪಿರಬಹುದೋ. ಆದರ ನೀ ಅದನ್ನ ಅಂದಿದ್ದಿಲ್ಲ ಅಂದ್ರ ನಾ ಅರಿಶಿನ ಕುಂಕುಮಕ್ಕ ಸಹಿ ಮಾಡಿಬಿಡ್ತಿದ್ದೆ. ನನಗೂ ಒಂದು ಪಾಲದ ಅಂತ ಮೊದಲ ಸಲ ಅನಿಸಿದ್ದು ಅವತ್ತs.”

ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಅಪ್ಪ ಸ್ವಂತ ದುಡಿಮೆಯಿಂದ ಕಟ್ಟಿದ ಮನೆ. ಅಪ್ಪನೂ ಅವ್ವನೂ ಉಯಿಲು ಬರೆದಿರಲಿಲ್ಲ. ಕಾನೂನಿನ ಪ್ರಕಾರ ಮೂವರು ಮಕ್ಕಳಿಗೂ ಸಮಪಾಲು. ನಾವಿಬ್ಬರು ಗಂಡುಮಕ್ಕಳು ಅದನ್ನು ಅವಳಿಗೆ ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ. ‘ಅರಿಶಿನ ಕುಂಕುಮ’ ಎಂಬುದೂ ಒಂದು ಗೂಟವೇ. ಹೆಣ್ಣುಮಕ್ಕಳಿಗೆ ಹುಟ್ಟಿದಂದಿನಿಂದ ಹಾಕಿಟ್ಟದ್ದು.

ಅಂದಿನಿಂದ ನಾಲ್ಕು ದಿನ ಮೂವರೂ ಅವ್ವನ ಹಾದಿ ಹಿಡಿದೆವು. ‘ಮಾರಾಟಕ್ಕಿದೆ’ ಎಂದು ಬೋರ್ಡು ಹಾಕಿದವರನ್ನು ಕೇಳಲಿಲ್ಲ, ಕೊಟ್ಟು ಕೊಂಡು ಮುಗಿಸಿದವರನ್ನು ಹುಡುಕಿದೆವು. ಓಣಿಯಲ್ಲಿ ಹಿಂದಿನ ಎರಡು ವರ್ಷಗಳಲ್ಲಿ ಮೂರು ಮನೆ ಕೈ ಬದಲಾಗಿದ್ದವು. ಅವ್ವನ ವರ್ಷಾಂತಿಕಕ್ಕೆ ಬಂದವರೆಂದು ಜನ ಚಹಾ ಕೊಟ್ಟು, ಮನಸ್ಸು ಬಿಚ್ಚಿ ಹೇಳಿದರು. ಸಿಟಿಎಸ್ ಉತಾರ ತೆಗೆಸಿ ಅಳತೆ ಖಾತ್ರಿ ಮಾಡಿಕೊಂಡೆವು. ಸರಕಾರದ ಮಾರ್ಗಸೂಚಿ ದರವನ್ನೂ ನೋಡಿದೆವು. ಮುಂಬಯಿಯಲ್ಲಿ ನಾವು ರೆಡಿ ರೆಕನರ್ ಎನ್ನುತ್ತೇವಲ್ಲ, ಅದರ ಕರ್ನಾಟಕದ ರೂಪ. ಅದು ಮುದ್ರಾಂಕ ಶುಲ್ಕ ಲೆಕ್ಕ ಹಾಕಲು ಇರುವ ಕನಿಷ್ಠ ದರ, ಪೇಟೆಯ ಬೆಲೆಯಲ್ಲ. ಅದನ್ನೇ ಹಿಡಿದು ಕೂತರೆ ಅದೂ ಇನ್ನೊಂದು ಗೂಟವಾದೀತು ಎಂದು ಬದಿಗಿಟ್ಟೆವು.

ಕೊನೆಗೆ ಇಬ್ಬರು ಮಾನ್ಯತೆ ಪಡೆದ ವ್ಯಾಲ್ಯುವರ್‌ಗಳನ್ನು ಬೇರೆ ಬೇರೆ ದಿನ ಕರೆಸಿದೆವು. ಒಬ್ಬರ ವಿಷಯ ಇನ್ನೊಬ್ಬರಿಗೆ ತಿಳಿಸಲಿಲ್ಲ. ಮೊದಲನೆಯವರು ಟೇಪು ಬಿಚ್ಚುವ ಮೊದಲೇ ಕೇಳಿದರು: “ನಿಮ್ಮ ಮನಸಿನ್ಯಾಗ ಎಷ್ಟದ್ರಿ?” ನಾನು ತಮ್ಮನ ಮುಖ ನೋಡಿದೆ, ತಮ್ಮ ಅಕ್ಕನ ಮುಖ ನೋಡಿದ. “ಏನೂ ಇಲ್ರಿ. ನೀವs ಹೇಳಬೇಕು” ಎಂದಳು ಅಕ್ಕ. ಆರು ತಿಂಗಳಲ್ಲಿ ಮೂವರೂ ಒಟ್ಟಿಗೆ ನಕ್ಕದ್ದು ಆಗಲೇ.

ಎರಡೂ ವರದಿ ಲಕೋಟೆಯಲ್ಲಿ ಬಂದವು. ತೆರೆಯುವ ಮೊದಲು ಒಂದು ಕೆಲಸ ಮಾಡೋಣ ಎಂದೆ. ಪಡಸಾಲೆಯಲ್ಲಿ ಮೂವರೂ ಒಂದೊಂದು ಚೀಟಿ ತೆಗೆದುಕೊಂಡು, ಈಗ ಮನಸ್ಸಿನಲ್ಲಿರುವ ಬೆಲೆ ಬರೆದು ಮಡಚಿಡಬೇಕು. ಬಿಚ್ಚಿದಾಗ ಅಕ್ಕನ ಚೀಟಿಯಲ್ಲಿ 1 ಕೋಟಿ 80 ಲಕ್ಷ, ತಮ್ಮನದರಲ್ಲಿ 75 ಲಕ್ಷ. ನನ್ನದರಲ್ಲಿ 1 ಕೋಟಿ 70 ಲಕ್ಷ. ಅದೇ ನೆರೆಹೊರೆಯವರ ಅದೇ ಮಾತು ಮೂವರೂ ಕೇಳಿದ್ದೆವು. ನಾನಂತೂ ಪುಸ್ತಕ ಓದಿ, ರೈಲಿನಲ್ಲಿ ಪರರ ಮೇಲೆ ಪ್ರಯೋಗವನ್ನೂ ಮಾಡಿದವನು. ಆದರೂ ಹುಲ್ಲು ಮೇಯ್ದದ್ದು ಗೂಟದ ಸುತ್ತಲೇ. ನನ್ನ ಕೈಬರಹದ ಆ ಅಂಕಿ ನೋಡಿ ನಿಜವಾಗಿ ನಾಚಿಕೆಯಾಯಿತು.

ಪುಸ್ತಕ ಕೊಟ್ಟ ಮಗನೇ ಇನ್ನೊಂದು ವಿಷಯವನ್ನೂ ಹೇಳಿಕಳಿಸಿದ್ದ. ಜರ್ಮನಿಯ ಸಂಶೋಧಕರು ಹಳೆಯ ಕಾರೊಂದನ್ನು ಮೆಕ್ಯಾನಿಕ್‌ಗಳ ಹತ್ತಿರ ಒಯ್ದು, ಒಂದು ಬೆಲೆ ಬಾಯಲ್ಲಿ ಹೇಳಿ, ನಿಮ್ಮ ಪ್ರಕಾರ ಎಷ್ಟು ಬಾಳುತ್ತದೆ ಎಂದು ಕೇಳಿದರಂತೆ. ಹೇಳಿದ ಬೆಲೆಯ ಕಡೆಗೇ ಅವರ ಅಂದಾಜೂ ಎಳೆಯುತ್ತಿತ್ತು. ಆದರೆ ‘ಈ ಬೆಲೆ ಯಾಕೆ ಸರಿಯಿರಲಿಕ್ಕಿಲ್ಲ, ಕಾರಣ ಹೇಳಿ’ ಎಂದು ಮೊದಲು ಕೇಳಿದಾಗ ಆ ಎಳೆತ ಕಡಿಮೆಯಾಯಿತು. 2000ದಲ್ಲಿ ಪ್ರಕಟವಾದ ಅಧ್ಯಯನ ಅದು. ಗೂಟ ಕೀಳದಿದ್ದರೂ ಹಗ್ಗ ಸ್ವಲ್ಪ ಉದ್ದವಾಗುತ್ತದೆ.

ಹಾಗೆಯೇ ಮಾಡಿದೆವು. ತಂತಮ್ಮ ಅಂಕಿ ಯಾಕೆ ತಪ್ಪಿರಬಹುದೆಂದು ತಾವೇ ಹೇಳಬೇಕು, ಬೇರೆಯವರು ಬಾಯಿ ಹಾಕಬಾರದು. ಮೊದಲು ನಾನು: ಓಣಿ ಸಣ್ಣದು, ದೊಡ್ಡ ಕಾರು ತಿರುಗುವುದಿಲ್ಲ. ಮನೆಗೆ ವಯಸ್ಸಾಗಿದೆ, ಕೊಂಡವನು ಕೆಡವಲೇಬೇಕು. ಕಾಗದಪತ್ರ ಇನ್ನೂ ಅಪ್ಪನ ಹೆಸರಿನಲ್ಲಿದೆ. ಮುಂಬಯಿಯ ಸಂಬಳದವರು ಇಲ್ಲಿ ಸಾಲುಗಟ್ಟಿ ನಿಂತಿಲ್ಲ. ಆಮೇಲೆ ತಮ್ಮ. ಅವನಿಗೆ ಕಷ್ಟವಾಯಿತು. ನೆಲ ನೋಡುತ್ತ ಹೇಳಿದ: ಸ್ಟೇಶನ್ನು ನಡೆದುಹೋಗುವಷ್ಟು ಹತ್ತಿರ. ಹೈಕೋರ್ಟು ಬಂದ ಮೇಲೆ ವಕೀಲರು ಬಾಡಿಗೆ ಮನೆ ಹುಡುಕಿಕೊಂಡು ಬರುತ್ತಾರೆ. ಮೂರು ಗುಂಟೆ ಒಂದೇ ತುಂಡು ಈ ಓಣಿಯಲ್ಲಿ ಇನ್ನೆಲ್ಲೂ ಇಲ್ಲ. ಕೊನೆಯದನ್ನು ಬಹಳ ಹೊತ್ತು ಬಿಟ್ಟು ಹೇಳಿದ: “ಅಪ್ಪಗ ಬಂದ ಬೆಲಿ ಹದಿನಾರು ಹದಿನೇಳು ವರ್ಷ ಹಳೇದು.”

ಅಕ್ಕ ಒಂದೇ ಮಾತು ಹೇಳಿದಳು: “ನನ್ನ ಅಂಕಿ ನಂದಲ್ಲ, ಇಂವಂದು” ಎಂದು ನನ್ನ ಕಡೆ ಬೆರಳು ತೋರಿಸಿದಳು.

ಲಕೋಟೆ ತೆರೆದೆವು. ಒಬ್ಬರು 1 ಕೋಟಿ 18 ಲಕ್ಷ, ಇನ್ನೊಬ್ಬರು 1 ಕೋಟಿ 32 ಲಕ್ಷ. ನಡುವಿನದು 1 ಕೋಟಿ 25 ಲಕ್ಷ. ಒಬ್ಬೊಬ್ಬರ ಪಾಲಿಗೆ 41 ಲಕ್ಷ 66 ಸಾವಿರ ಚಿಲ್ಲರೆ.

ಎಲ್ಲರಿಗೂ ಸಮಾಧಾನವಾಯಿತು ಎಂದು ಬರೆದರೆ ಸುಳ್ಳಾದೀತು. ತಮ್ಮನ ಮುಖ ಬಿಳುಚಿತು. ತಲೆಗೆ 20 ಲಕ್ಷವೆಂದು ಲೆಕ್ಕ ಹಾಕಿಟ್ಟಿದ್ದವನಿಗೆ ಅದರ ಎರಡರಷ್ಟಕ್ಕೂ ಹೆಚ್ಚು. ಅಂದು ರಾತ್ರಿ ಡೊಂಬಿವಲಿಗೆ ಫೋನು ಮಾಡಿ ಹೇಳಿದಾಗ ನನ್ನ ಹೆಂಡತಿ ಅಂದದ್ದು: “ಹಂಗಾದ್ರ 25 ಲಕ್ಷ ಹೋತಲ್ಲ!” 2 ಕೋಟಿಯ ಮೂರನೇ ಒಂದು, 66 ಲಕ್ಷ, ಆಗಲೇ ನಮ್ಮ ಮನೆಯಲ್ಲಿ ಮಗನ ಫ್ಲ್ಯಾಟಿನ ಮುಂಗಡವಾಗಿ ಖರ್ಚಾಗಿತ್ತು. ಅವಳನ್ನೇನು ಅನ್ನಲಿ? ಲಕೋಟೆ ತೆರೆದಾಗ ನನ್ನ ಎದೆಯಲ್ಲೂ ಅದೇ ಮಾತು ಎದ್ದಿತ್ತು. ಯಾವತ್ತೂ ನನ್ನದಲ್ಲದ 25 ಲಕ್ಷಕ್ಕೆ ನಾನು ಸಂಕಟಪಡುತ್ತಿದ್ದೆ. ಫೋನಿಟ್ಟ ಮೇಲೆ ಹೊಳೆಯಿತು: 2008ರಲ್ಲಿ ಅಪ್ಪನಿಗೆ ಇಡೀ ಮನೆಗೆ ಬಂದ ಬೆಲೆಯೂ ಇಷ್ಟೇ.

ಮರುದಿನ ತೀರ್ಮಾನವಾಯಿತು. ಬ್ಯಾಂಕಿನ ಸಾಲ ಸಿಕ್ಕ ಕೂಡಲೇ ತಮ್ಮ ಅಕ್ಕನ ಪಾಲನ್ನು ಪೂರ್ತಿ ಕೊಡುವುದು. ನನ್ನ ಪಾಲು ಎಂಟು ವರ್ಷಗಳಲ್ಲಿ, ಬಡ್ಡಿಯಿಲ್ಲದೆ. ಅವ್ವನ ಹನ್ನೊಂದು ವರ್ಷಕ್ಕೆ ಬೆಲೆ ಕಟ್ಟಲು ನಾವು ಯಾವ ವ್ಯಾಲ್ಯುವರನ್ನೂ ಕರೆಯಲಿಲ್ಲ. ಆ ಬಡ್ಡಿ ಅದರ ಲೆಕ್ಕಕ್ಕೆ ಇರಲಿ ಎಂದೆ. ತಮ್ಮ ಏನೂ ಹೇಳದೆ ಹೊರಗೆ ಹೋಗಿ, ಒಂದು ಗಂಟೆ ಬಿಟ್ಟು ಲೈನ್ ಬಜಾರಿನಿಂದ ಎರಡು ಪೆಟ್ಟಿಗೆ ಫೇಡೆ ತಂದ. ಒಂದು ನನಗೆ, ಒಂದು ಅಕ್ಕನಿಗೆ. ವಕೀಲರು ಹಕ್ಕು ಬಿಡುಗಡೆ ಪತ್ರದ ಕರಡು ಮಾಡುತ್ತಿದ್ದಾರೆ. ಮುಂದಿನ ಸೋದರ ಬಿದಿಗೆಗೆ ಅವನು ಗದಗಿಗೆ ಹೋಗುತ್ತಾನೋ ಇಲ್ಲವೋ ನೋಡಬೇಕು.

ಹೊರನಾಡಿನಲ್ಲಿರುವ ನಮಗೆ ಊರಿನ ಮನೆ, ಹೊಲ, ಮದುವೆ ಖರ್ಚು, ಆಸ್ಪತ್ರೆ ಬಿಲ್ಲು ಎಲ್ಲಕ್ಕೂ ಫೋನಿನಲ್ಲಿ ಅಭಿಪ್ರಾಯ ಕೇಳುತ್ತಾರೆ. ಮಹಾನಗರದಲ್ಲಿದ್ದೀರಿ, ನಿಮಗೆ ತಿಳಿದಿರುತ್ತದೆ ಎಂಬ ನಂಬಿಕೆ. ನಾವು ಇಲ್ಲಿಯ ದರದಿಂದ ಒಂದಿಷ್ಟು ಕಳೆದು ಹೇಳುತ್ತೇವೆ. ಅಲ್ಲಿ ಅದು ಗೂಟವಾಗಿ ಕೂರುತ್ತದೆ.

ಹಿಂದಿರುಗಿ ಬಂದ ಮೇಲೆ ಮೊನ್ನೆ ಸಂಜೆ, ಅದೇ ಠಾಣೆಯಿಂದ ಹೊರಟ ಗಾಡಿಯಲ್ಲಿ ಅಕ್ಕನ ಫೋನು. “ಮೊಮ್ಮಗಳಿಗೆ ಬಂಗಾರದ ಬೆಂಡವಾಲಿ ಮಾಡಸಬೇಕಂತ ಮಾಡೀನಿ. ಮುಂಬೈಯಾಗ ಮಾಡಸಿದ್ರ ಎಷ್ಟ ಆಗಬಹುದೋ?”

ಬಾಯಿಯವರೆಗೆ ಒಂದು ಅಂಕಿ ಬಂದೇ ಬಂತು.

“ಗೊತ್ತಿಲ್ಲ ಅಕ್ಕಾ” ಎಂದೆ. “ಮಾಡಿಸಿಕೊಂಡವರನ್ನ ಕೇಳಿ ಹೇಳ್ತೀನಿ.”

“ಮೂರು ಮಂದೀನ್ನ ಕೇಳು” ಎಂದಳು ಅಕ್ಕ.